ಏಳನೇ ನಂಬರಿನ ಕೈ

ವಾದ್ಯಮಂಡಳಿಯ ಆಯ್ಕೆಗೆ ತೆರೆಯ ಹಿಂದೆ ಕೂತು ನುಡಿಸುವವರು ಬೂಟು ಕಳಚಿ ಹೋಗಬೇಕು ಎಂಬ ನಿಯಮ ಬಂದು ಮೂರು ವರ್ಷವಾಗಿತ್ತು. ಹಿಮ್ಮಡಿಯ ಸದ್ದಿನಿಂದಲೇ ಬಂದವರು ಗಂಡಸೋ ಹೆಂಗಸೋ ಎಂದು ತೀರ್ಪುಗಾರರಿಗೆ ಗೊತ್ತಾಗಿಬಿಡುತ್ತದೆ ಎಂಬುದು ಕಾರಣ. ಎತೆಲ್ಕಾ ತನ್ನ ಬೂಟುಗಳನ್ನು ಗೋಡೆಗೆ ಒತ್ತರಿಸಿಟ್ಟು, ಬಲಗಾಲಿನ ಕಾಲುಚೀಲದಲ್ಲಿ ಹೆಬ್ಬೆರಳ ಬಳಿ ಬಿದ್ದಿದ್ದ ತೂತನ್ನು ಎಡಪಾದದಿಂದ ಮುಚ್ಚಿಕೊಂಡು ನಿಂತಳು. ರಾತ್ರಿಯೇ ಹೊಲಿದುಕೊಳ್ಳಬೇಕಿತ್ತು. ಹೊಲಿಯಲು ಕೂತವಳು ಶಿಷ್ಯನಿಗೆ ಕೊಡಬೇಕಾದ ಶಿಫಾರಸು ಪತ್ರ ನೆನಪಾಗಿ ಎದ್ದುಹೋಗಿದ್ದಳು.

"ಏಳು," ಎಂದ ಗೇಜಾ ಬಾಚಿ. ವೇದಿಕೆಯ ಉಸ್ತುವಾರಿ ನೋಡುವ ಮುದುಕ. ನದಿಯ ಪೆಸ್ಟ್ ಬದಿಯ ಈ ವಾದ್ಯಮಂಡಳಿಯಲ್ಲಿ ಅವನನ್ನು 'ಬಾಚಿ', ಅಂದರೆ ಚಿಕ್ಕಪ್ಪ ಎನ್ನದೆ ಕರೆದವರಿಲ್ಲ. "ಕೈಗೆ ಮುತ್ತಿಡ್ತೀನಿ ಅಮ್ಮಾ," ಎಂದು ಊರ ರೂಢಿಯಂತೆ ವಂದಿಸಿದ. "ಈಗಿಂದ ನೀವು ಮನುಷ್ಯರಲ್ಲ, ಏಳನೇ ನಂಬರು. ತೆರೆ ಹಿಂದೆ ಮಾತಾಡೋ ಹಾಗಿಲ್ಲ. ಕೆಮ್ಮು ಬಂದ್ರೆ ಕಣ್ಸನ್ನೆ ಮಾಡಿ, ನಿಮ್ಮ ಬದಲು ನಾನು ಕೆಮ್ತೀನಿ."

"ಸೀನು ಬಂದ್ರೆ?"

"ಸೀನೋಕೆ ಮೇಲಿನೋರ ಅನುಮತಿ ಬೇಕು."

ಎತೆಲ್ಕಾಳಿಗೆ ನಗು ಬರಲಿಲ್ಲ. ಅವಳಿಗೆ ನಲವತ್ಮೂರು. ಮಂಡಳಿಯ ಮೊದಲ ಚೆಲ್ಲೋ ಕುರ್ಚಿ, ಅಂದರೆ ಆ ದೊಡ್ಡ ಪಿಟೀಲು ನುಡಿಸುವವರ ಮುಂದಾಳಿನ ಜಾಗ, ಇಪ್ಪತ್ತಾರು ವರ್ಷಗಳ ನಂತರ ಖಾಲಿಯಾಗಿತ್ತು. ಅರ್ಜಿ ಹಾಕಲು ನಲವತ್ತೈದು ದಾಟಿರಬಾರದು. ಮತ್ತೆ ಆ ಕುರ್ಚಿ ಖಾಲಿಯಾಗುವ ಹೊತ್ತಿಗೆ ಅವಳು ಕೋಲೂರಿಕೊಂಡು ಸಭಾಂಗಣದ ಹಿಂದಿನ ಸಾಲಿಗೆ ಬರಬೇಕು, ಅಷ್ಟೆ. ಇವತ್ತು ಆಗಬೇಕು, ಇಲ್ಲವೇ ಎಂದಿಗೂ ಇಲ್ಲ. ಹತ್ತೊಂಬತ್ತು ವರ್ಷಗಳಿಂದ ಅವಳು ನದಿಯಾಚೆ ಬುದಾ ಬದಿಯ ಸಂಗೀತಶಾಲೆಯಲ್ಲಿ ಪ್ರೊಫೆಸರ್ ಜಾದೋರ್ ಅವರ ಸಹಾಯಕಿ. ಇಷ್ಟು ವರ್ಷಗಳಲ್ಲಿ ಅವಳ ಹೆಸರು ಅಚ್ಚಾದದ್ದು ಎರಡೇ ಸಲ. ಎರಡು ಸಲವೂ ವಾರ್ಷಿಕ ವರದಿಯಲ್ಲಿ, 'ಇತರೆ ಸಿಬ್ಬಂದಿ' ಎಂಬ ತಲೆಬರಹದಡಿ.

ಅರ್ಜಿ ಹಾಕಿದ್ದನ್ನು ಜಾದೋರ್‌ಗೆ ಅವಳು ಹೇಳಿರಲಿಲ್ಲ. ಹೇಳಬೇಕೆಂದು ಮೂರು ಸಲ ಅವರ ಕೋಣೆಯ ಬಾಗಿಲವರೆಗೆ ಹೋಗಿ, ಮೂರು ಸಲವೂ ಬೇರೇನೋ ಕಾಗದ ಕೊಟ್ಟು ಬಂದಿದ್ದಳು. ಇವತ್ತು ತೀರ್ಪುಗಾರರ ನಡುವಿನ ಕುರ್ಚಿಯಲ್ಲಿ ಅವರೇ ಕೂತಿದ್ದರು. ಶಿಷ್ಯರು ನುಡಿಸುವಾಗ ಗುರು ತೀರ್ಪು ಕೊಡಬಾರದು ಎಂದು ಯಾರೋ ಆಕ್ಷೇಪ ಎತ್ತಿದ್ದರಂತೆ. "ತೆರೆ ಇದೆಯಲ್ಲ, ನಾನ್ಯಾಕೆ ಏಳಬೇಕು?" ಎಂದಿದ್ದರಂತೆ ಅವರು. ಕೊನೆಯ ಸುತ್ತಿನವರೆಗೂ ತೆರೆ ಇರಲಿ ಎಂದು ಹಟ ಹಿಡಿದು ಮಾಡಿಸಿದವರೂ ಅವರೇ.

ಬೆಳಗಿನ ಸುತ್ತಿನಲ್ಲಿ ಅವಳೂ ಸೇರಿ ಹದಿನಾಲ್ಕು ಮಂದಿ ನುಡಿಸಿದರು. ಮಧ್ಯಾಹ್ನದ ಹೊತ್ತಿಗೆ ಇಬ್ಬರು ಉಳಿದರು. ಗೇಜಾ ಬಾಚಿ ಬಂದು ಮೂರು, ಏಳು ಎಂದು ಕೂಗಿದ. ಕಾಯುವ ಕೋಣೆಯಲ್ಲಿ ಕೊಬ್ಬು ಸವರಿದ ಬ್ರೆಡ್ಡಿನ ಮೇಲೆ ಈರುಳ್ಳಿ ಜೋಡಿಸುತ್ತಿದ್ದ ಉದ್ದ ಕೈಕಾಲಿನ ಹುಡುಗ ತಲೆಯೆತ್ತಿದ. ಬೆಳಗಿನಿಂದ ಅವನು ಮಹಡಿಯ ಕೋಣೆಯಲ್ಲಿ ಕಾದಿದ್ದ. ಇಬ್ಬರೂ ಮುಖ ನೋಡಿಕೊಂಡದ್ದು ಈಗಲೇ.

"ಟೀಚರ್?" ಎಂದ ವಿದೋರ್. ಇಪ್ಪತ್ನಾಲ್ಕು ವರ್ಷದವನು, ಜಾದೋರ್ ತಮ್ಮ ವಾರಸುದಾರ ಎಂದು ಪತ್ರಿಕೆಗಳಲ್ಲಿ ಹೇಳಿಕೊಂಡ ಶಿಷ್ಯ. ಐದು ವರ್ಷ ವಾರಕ್ಕೆ ನಾಲ್ಕು ದಿನ ಅವನಿಗೆ ಪಾಠ ಹೇಳಿದವಳು ಎತೆಲ್ಕಾ. "ನನ್ನ ಕೈ ಹಿಡ್ಕೊಂಡು ಧೈರ್ಯ ಹೇಳೋಕೆ ಬಂದ್ರಾ?"

ಅವಳು ಎದೆಯ ಮೇಲಿನ ಚೀಟಿ ತೋರಿಸಿದಳು. ಏಳು.

ವಿದೋರ್ ಬ್ರೆಡ್ಡನ್ನು ಕಾಗದದ ಮೇಲೆ ಇಟ್ಟ. "ಅಯ್ಯೋ ದೇವರೇ. ಜಾದೋರ್ ಮೇಷ್ಟ್ರಿಗೆ ಗೊತ್ತಾ?"

"ಇಲ್ಲ."

"ಹಾಗಾದ್ರೆ ನನ್ನ ಶಿಫಾರಸು ಪತ್ರ ಬರೆದೋರು…"

"ಅದನ್ನ ಚೆನ್ನಾಗೇ ಬರೆದಿದೀನಿ," ಎಂದಳು ಎತೆಲ್ಕಾ ಗಾಬರಿಯಿಂದ. "ಎಲ್ಲೂ ಕಡಿಮೆ ಮಾಡಿಲ್ಲ. ಬೇಕಿದ್ರೆ ಓದಿ ನೋಡು."

ವಿದೋರ್‌ಗೆ ನಗು ತಡೆಯಲಾಗಲಿಲ್ಲ. "ಎದುರಾಳಿಗೆ ಪತ್ರ ಬರೆದುಕೊಟ್ಟು ಕಡಿಮೆ ಆಯ್ತೇನೋ ಅಂತ ಹೆದರೋರು ನೀವೊಬ್ರೇ ಟೀಚರ್." ಬ್ರೆಡ್ಡನ್ನು ಎರಡು ಮಾಡಿ ಈರುಳ್ಳಿ ಹೆಚ್ಚಿದ್ದ ಅರ್ಧವನ್ನು ಅವಳತ್ತ ಸರಿಸಿದ.

ಆ ಪತ್ರದ ಸಂಗತಿ ಇಲ್ಲಿ ಹೇಳಿಬಿಡಬೇಕು. ಜಾದೋರ್ ವರ್ಷದಲ್ಲಿ ಏಳೆಂಟು ತಿಂಗಳು ಊರಲ್ಲಿರುತ್ತಿರಲಿಲ್ಲ. ಒಂದೂರಲ್ಲಿ ಸ್ಪರ್ಧೆಗೆ ತೀರ್ಪು, ಇನ್ನೊಂದೂರಲ್ಲಿ ಶಿಬಿರ. ಪ್ರತಿ ಸೆಪ್ಟೆಂಬರಿನಲ್ಲಿ ಹೊರಡುವ ಮುಂಚೆ ಶಾಲೆಯ ಹೆಸರು ಅಚ್ಚಾದ ಬಿಳಿ ಹಾಳೆಗಳ ಕಟ್ಟು ತರಿಸಿ, ಇಪ್ಪತ್ತು ಹಾಳೆಗಳ ಕೆಳಗೆ ಸಹಿ ಹಾಕಿ ನೀಲಿ ಕಡತದಲ್ಲಿಟ್ಟು ಎತೆಲ್ಕಾಳ ಕೈಗೆ ಕೊಡುತ್ತಿದ್ದರು. ಮೇಲೆ ಏನೂ ಇಲ್ಲ, ಕೆಳಗೆ ಸಹಿ. ಪರೀಕ್ಷೆಯ ಅಂಕ, ಶಿಷ್ಯರ ರಜೆ, ವಿದೇಶಕ್ಕೆ ಹೋಗುವವರ ಶಿಫಾರಸು, ಎಲ್ಲವನ್ನೂ ಅವಳೇ ಬರೆಯಬೇಕು. ತನಗಾಗಿ ಒಂದು ಹಾಳೆಯನ್ನೂ ಅವಳು ಮುಟ್ಟಿದವಳಲ್ಲ. ತಾಯಿ ಆಸ್ಪತ್ರೆಯಲ್ಲಿದ್ದಾಗಲೂ ತನ್ನ ರಜೆ ಚೀಟಿಯನ್ನು ಕೈಯಲ್ಲಿ ಹಿಡಿದು, ಮೇಷ್ಟ್ರು ಊರಿನಿಂದ ಬರಲಿ ಎಂದು ಒಂಬತ್ತು ದಿನ ಕಾದಿದ್ದಳು. ಈ ವರ್ಷದ ಕಟ್ಟಿನಲ್ಲಿ ವಿದೋರ್‌ನ ಪತ್ರ ಹತ್ತೊಂಬತ್ತನೆಯದು. ಇಪ್ಪತ್ತನೆಯ ಹಾಳೆ ಅವಳ ಚೆಲ್ಲೋ ಪೆಟ್ಟಿಗೆಯ ಜೇಬಿನಲ್ಲೇ ಇತ್ತು.

ಗೇಜಾ ಬಾಚಿ ಮೊದಲು ಮೂರನ್ನು ಕರೆದೊಯ್ದ. ಗೋಡೆಯ ಮೇಲೆ ಒಂದು ಹಳೆಯ ಧ್ವನಿಪೆಟ್ಟಿಗೆ ಇತ್ತು. ಕಛೇರಿಯ ದಿನ ವೇದಿಕೆಯ ಮೇಲೆ ಏನು ನಡೆಯುತ್ತಿದೆ ಎಂದು ಒಳಗಿನ ವಾದಕರಿಗೆ ತಿಳಿಯಲಿ ಎಂದು ಇಟ್ಟದ್ದು. ಬೆಳಿಗ್ಗೆಯೆಲ್ಲ ಸತ್ತಂತಿದ್ದ ಅದು ಈಗ ಸಣ್ಣಗೆ ಗುಂಯ್‌ಗುಡುತ್ತಿತ್ತು. ಅದರಿಂದ ವಿದೋರ್‌ನ ಚೆಲ್ಲೋ ಕೇಳಿಬಂತು.

ಚೆನ್ನಾಗಿತ್ತು. ನಿಧಾನದ ಭಾಗದಲ್ಲಿ ಆ ಎತ್ತರದ ಸ್ವರದ ಹತ್ತಿರ ಬರುವಾಗ ಅವಳು ಉಸಿರು ಹಿಡಿದಳು. ಅವನು ತಂತಿಯ ಮೇಲೆ ಬೆರಳು ಜಾರಿಸಲಿಲ್ಲ. ತನ್ನ ಉದ್ದನೆಯ ಬೆರಳನ್ನು ಚಾಚಿ ನೇರವಾಗಿ ಹಿಡಿದ. "ನಿನಗೆ ಉದ್ದ ಬೆರಳು ಕೊಟ್ಟಿದಾನೆ ದೇವರು, ಜಾರೋದು ಯಾಕೆ? ಬೇಡದ ಕಡೆ ಆ ಜಾರನ್ನ ಪದಕದ ಹಾಗೆ ನೇತುಹಾಕ್ಕೋಬೇಡ," ಎಂದು ಅವಳು ಆರು ತಿಂಗಳಿಂದ ಹೇಳುತ್ತ ಬಂದಿದ್ದಳು. ಹುಡುಗ ಕಡೆಗೂ ಮಾತು ಕೇಳಿದ್ದ. ಅವಳಿಗೆ ಹೆಮ್ಮೆಯೆನಿಸಿತು. ಆಮೇಲೆ, ಎದುರಾಳಿ ಚೆನ್ನಾಗಿ ನುಡಿಸಿದನೆಂದು ಹೆಮ್ಮೆಪಡುವ ತನ್ನ ಮೇಲೆಯೇ ಸಿಟ್ಟು ಬಂತು.

ಆ ಜಾರು ಅವಳದು. ಅವಳು ಕೆಲಸಕ್ಕೆ ಸೇರಿದ ವರ್ಷ ಟ್ರಾಮಿನ ಬಾಗಿಲು ಅವಳ ಎಡಗೈಯ ಉಂಗುರಬೆರಳನ್ನು ಕಚ್ಚಿತ್ತು. ಮೂಳೆ ಕೂಡಿಕೊಂಡಿತು, ಬೆರಳು ಮಾತ್ರ ಪೂರ್ತಿ ಚಾಚದಾಯಿತು. ಎಲ್ಲರೂ ಆ ಬೆರಳು ಚಾಚಿ ಹಿಡಿಯುವ ಎತ್ತರದ ಸ್ವರಕ್ಕೆ ಅವಳು ಬೇರೆ ದಾರಿ ಹುಡುಕಬೇಕಾಯಿತು. ಒಂದು ಚಳಿಗಾಲವಿಡೀ ಹುಡುಕಿದಳು. ಹೆಬ್ಬೆರಳನ್ನು ತಂತಿಯ ಮೇಲೆ ಮೊದಲೇ ಸರಿಸಿಟ್ಟು, ನಡುಬೆರಳಲ್ಲಿ ಮೇಲಕ್ಕೆ ಜಾರಿ, ಜಾರುವ ಹೊತ್ತಿಗೆ ಸರಿಯಾಗಿ ಕಮಾನಿನ ಭಾರ ತೆಗೆದುಬಿಡುವುದು. ಸ್ವರ ಒಂದು ಗಳಿಗೆ ಉಸಿರು ಕಟ್ಟಿ, ಆಮೇಲೆ ಬಿಟ್ಟಂತೆ ಕೇಳುತ್ತಿತ್ತು. ಜಾದೋರ್ ಬಾಗಿಲಲ್ಲಿ ನಿಂತು ಕೇಳಿ, "ಏನದು? ಇನ್ನೊಂದ್ಸಲ," ಎಂದಿದ್ದರು. ಮರುವರ್ಷ ಅದು ಅವರ ಶಿಬಿರಗಳಲ್ಲಿ ಕಾಣಿಸಿಕೊಂಡಿತು. ಅದರ ಮರುವರ್ಷ ಅವರ ಪುಸ್ತಕದ ನಾಲ್ಕನೇ ಅಧ್ಯಾಯವಾಯಿತು: 'ಜಾದೋರ್ ಜಾರು'. ಅದರಲ್ಲಿ ಬೆರಳಿಡುವ ಕ್ರಮದ ಚಿತ್ರಗಳನ್ನು ಬರೆದವಳು ಎತೆಲ್ಕಾ. ಅಚ್ಚಿನ ತಪ್ಪು ತಿದ್ದಿದವಳೂ ಎತೆಲ್ಕಾ. ಮುನ್ನುಡಿಯಲ್ಲಿ ಮುದ್ರಕರಿಗೆ, ಹೆಂಡತಿಗೆ, ಕಾಫಿ ಕಾಸಿಕೊಟ್ಟ ಶಾಲೆಯ ಕಾವಲುಗಾತಿಗೆ ಕೃತಜ್ಞತೆ ಇತ್ತು. ಎಲ್ಲೋ ಒಂದು ಸಾಲು ಅಚ್ಚಿನಲ್ಲಿ ಬಿಟ್ಟುಹೋಗಿರಬೇಕು ಎಂದುಕೊಂಡು ಅವಳು ಮುನ್ನುಡಿಯನ್ನು ಹಸ್ತಪ್ರತಿಯ ಜೊತೆ ಮೂರು ಸಲ ತಾಳೆ ನೋಡಿದ್ದಳು. ಯಾವ ಸಾಲೂ ಬಿಟ್ಟುಹೋಗಿರಲಿಲ್ಲ.

"ಏಳು," ಎಂದ ಗೇಜಾ ಬಾಚಿ.

ದಪ್ಪ ಜಮಖಾನದ ಮೇಲೆ ಬರಿಗಾಲಿನಂತೆಯೇ ನಡೆದು ಅವಳು ಕುರ್ಚಿಯ ಬಳಿ ಬಂದಳು. ಹಲಗೆಯಲ್ಲಿ ಹಿಂದಿನ ಮೊದಲ ಚೆಲ್ಲೋಗಾರನ ವಾದ್ಯದ ಕಬ್ಬಿಣದ ಮೊನೆ ಇಪ್ಪತ್ತಾರು ವರ್ಷ ಊರಿ ಕೊರೆದಿದ್ದ ಕುಳಿ ಇತ್ತು. ತನ್ನ ಚೆಲ್ಲೋದ ಮೊನೆಯನ್ನು ಅದರಲ್ಲಿ ಊರಿದಳು. ದೂರ ಸರಿಯಿರಲಿಲ್ಲ, ಆತ ಅವಳಿಗಿಂತ ಎತ್ತರದವನು. ಮೊನೆ ಎತ್ತಿ ಒಂದು ಗೇಣು ಹಿಂದಕ್ಕೆ, ಇನ್ನೂ ಸಮತಟ್ಟಾಗಿದ್ದ ಮರದಲ್ಲಿ ಗಟ್ಟಿಯಾಗಿ ಚುಚ್ಚಿದಳು. ಗೇಜಾ ಬಾಚಿ ಕೋಲಿನಿಂದ ನೆಲಕ್ಕೆ ಎರಡು ಸಲ ಬಡಿದ.

ನುಡಿಸುವಾಗ ಏನನ್ನಿಸಿತು ಎಂದು ಆಮೇಲೆ ಯಾರೋ ಕೇಳಿದರು. ಕಾಲುಚೀಲದ ತೂತು ನೆನಪಿತ್ತು, ಎಂದಳು. ಎತ್ತರದ ಸ್ವರ ಬಂತು. ಬೇರೆ ದಾರಿ ಅವಳಿಗಿರಲಿಲ್ಲ. ಹೆಬ್ಬೆರಳು ಮೊದಲೇ ಹೋಗಿ ಕೂತಿತು, ನಡುಬೆರಳು ಜಾರಿತು, ಕಮಾನು ಹಗುರಾಯಿತು. ತೆರೆಯಾಚೆ ಯಾರದೋ ಕುರ್ಚಿ ಕಿರುಗುಟ್ಟಿತು.

ಕೋಣೆಗೆ ಮರಳಿದಾಗ ವಿದೋರ್ ಧ್ವನಿಪೆಟ್ಟಿಗೆಯ ಕೆಳಗೆ ನಿಂತಿದ್ದ. ತುಟಿಯ ಮೇಲೆ ಬೆರಳಿಟ್ಟ. ಒಳಗಿನ ಮಾತೆಲ್ಲ ಕೇಳುತ್ತಿತ್ತು.

"ನಾವು ಕೇಳಬಾರದು," ಎಂದಳು ಅವಳು.

"ನಾವು ಕೇಳ್ತಾ ಇಲ್ಲ, ಅದು ಹೇಳ್ತಾ ಇದೆ."

ಜಾದೋರ್‌ರ ತುಂಬುಗಂಟಲು ಯಾವ ಪೆಟ್ಟಿಗೆಯಲ್ಲಿದ್ದರೂ ಗುರುತು ಸಿಗುವಂಥದು. "ಮೂರು ಯಾರೋ ಶುದ್ಧವಾಗಿ ಕಲಿತಿರೋ ಹುಡುಗ. ಅಷ್ಟೆ. ಆದರೆ ಏಳು! ಮಹನೀಯರೇ, ಅದು ನನ್ನ ಮನೆಯಲ್ಲಿ ಹುಟ್ಟಿದ ಕೈ. ತಂದೆಗೆ ಮಗುವಿನ ಅಳು ಗೊತ್ತಾಗಲ್ವೇ? ಆ ಜಾರು ಕೇಳಿದ್ರಲ್ಲ? ಇಂಥ ಕೈಯನ್ನ ಈ ದೇಶದಲ್ಲಿ ಹತ್ತು ವರ್ಷದಿಂದ ನಾನು ಕೇಳಿಲ್ಲ. ಇದನ್ನ ಹೀಗೇ ನಡಾವಳಿಯಲ್ಲಿ ಬರೀರಿ, ಸಿಲ್ವಾಶಿ ಮೇಡಂ."

"ಬರೆದೆ," ಎಂದಿತು ಒಣಗಿದ ಹೆಣ್ಣುದನಿ. ಮಂಡಳಿಯ ನಿರ್ದೇಶಕಿ.

ವಿದೋರ್ ನಿಧಾನವಾಗಿ ಎತೆಲ್ಕಾಳ ಕಡೆ ತಿರುಗಿದ. ಅವನ ಮುಖದಲ್ಲಿ ಎರಡು ಮೂರು ಬಣ್ಣ ಬಂದು ಹೋದವು. "ಏಳು ನಾನು ಅಂದ್ಕೊಂಡಿದಾರೆ," ಎಂದ. "ಐದು ವರ್ಷದಲ್ಲಿ ನನ್ನ ಪಾಠ ಎಷ್ಟು ಸಲ ಕೇಳಿದಾರೆ ಗೊತ್ತಾ ಟೀಚರ್? ಹನ್ನೊಂದು ಸಲ. ನಾನು ಲೆಕ್ಕ ಇಟ್ಟಿದೀನಿ."

ಈ ಸಲ ಸಿಟ್ಟು ತನ್ನ ಮೇಲೆ ಬಂದದ್ದಲ್ಲ, ಅದು ಅವಳಿಗೆ ಹೊಸದು. ಹತ್ತು ವರ್ಷದಿಂದ ಕೇಳಿಲ್ಲವಂತೆ! ಶಾಲೆಯಲ್ಲಿ ಅವರ ಗೋಡೆಯಾಚೆಯ ಕೋಣೆಯಲ್ಲಿ ಅವಳು ಹತ್ತೊಂಬತ್ತು ವರ್ಷ ನುಡಿಸಿದ್ದನ್ನು.

ಮತದ ಚೀಟಿ ಎಣಿಸಿದರು. ಏಳಕ್ಕೆ ಐದು, ಮೂರಕ್ಕೆ ಎರಡು. ನಡಾವಳಿಗೆ ಏಳು ಮಂದಿಯೂ ಸಹಿ ಹಾಕಿದರು. ಸಹಿಯಾದ ಮೇಲಷ್ಟೇ ಹೆಸರಿನ ಲಕೋಟೆ ಒಡೆಯಬೇಕು, ಅದು ಅಲ್ಲಿನ ಕ್ರಮ. ಕಾಗದ ಹರಿದ ಸದ್ದು.

"ಸೆಂದ್ರೆಯಿ ಎತೆಲ್ಕಾ," ಎಂದು ಓದಿದರು ನಿರ್ದೇಶಕಿ.

ಪೆಟ್ಟಿಗೆ ಸುಮ್ಮನಾಯಿತು. ಕೆಟ್ಟುಹೋಯಿತೇನೋ ಎಂದು ವಿದೋರ್ ಅದರ ಬದಿಗೆ ಮೆಲ್ಲನೆ ತಟ್ಟಿದ. ಆಮೇಲೆ ಜಾದೋರ್‌ರ ದನಿ, ಈ ಸಲ ಸಣ್ಣದು. "ಎಲ್ಲೋ ತಪ್ಪಾಗಿದೆ. ಲಕೋಟೆ ಅದಲು ಬದಲಾಗಿರಬೇಕು. ಆಕೆ… ಆಕೆ ನಮ್ಮ ಸಹಾಯಕಿ. ಕಾಗದಪತ್ರ ನೋಡ್ಕೊಳ್ಳೋಳು."

ಗೇಜಾ ಬಾಚಿ ಬಾಗಿಲಲ್ಲಿ ನಿಂತಿದ್ದ. "ಅಯ್ಯೋ, ಪೆಟ್ಟಿಗೆ ಆರಿಸೋದು ಮರೆತೇ ಹೋಯ್ತಲ್ಲ," ಎಂದು ಆರಿಸಿದ. "ವಯಸ್ಸಾಯ್ತು, ಮರೆವು ಜಾಸ್ತಿ. ಬನ್ನಿ ಅಮ್ಮಾ, ಕರೀತಿದಾರೆ. ಈಗ ಬೂಟು ಹಾಕ್ಕೋಬಹುದು. ಸದ್ದಾಗೋ ಹಾಗೆ ನಡೀರಿ."

ಅವಳು ಬೂಟು ಹಾಕಿಕೊಂಡಳು. ಎದ್ದು ಚೆಲ್ಲೋ ಪೆಟ್ಟಿಗೆಯ ಜೇಬಿಗೆ ಕೈ ಹಾಕಿ ನಾಲ್ಕಾಗಿ ಮಡಿಸಿದ್ದ ಹಾಳೆ ತೆಗೆದುಕೊಂಡಳು. ಯಾಕೆ ತೆಗೆದುಕೊಂಡೆನೆಂದು ಅವಳಿಗೇ ಸರಿಯಾಗಿ ತಿಳಿದಿರಲಿಲ್ಲ. ವಿದೋರ್ ಹಿಂದೆಯೇ ಬಂದ.

ತೆರೆಯನ್ನು ಒಂದು ಬದಿಗೆ ಸರಿಸಿದ್ದರು. ಉದ್ದ ಮೇಜಿನ ಹಿಂದೆ ಏಳು ಮುಖ. ಜಾದೋರ್ ಎದ್ದುನಿಂತು ಎರಡೂ ಕೈ ಚಾಚಿದರು.

"ಎತೆಲ್ಕಾ! ಮಗೂ, ನನಗೊಂದು ಮಾತು ಹೇಳಬಾರದಿತ್ತೇ? ಎಂಥ ಅಚ್ಚರಿ! ಚೆನ್ನಾಗಿ ನುಡಿಸಿದೆ. ಆದರೆ ಈ ಕುರ್ಚಿ ಅಂದ್ರೆ ಬರೀ ನುಡಿಸೋದಲ್ಲ, ಜನರ ಕಣ್ಣಿಗೆ ಕಾಣೋದು. ಊರೂರಿಗೆ ಹೋಗೋದು. ನಿನ್ನ ಸ್ವಭಾವಕ್ಕೆ ಅದು ಹಿಂಸೆ. ತೆರೆ ಇಲ್ಲದೆ ಇನ್ನೊಂದು ಸುತ್ತು ಇಬ್ಬರನ್ನೂ ಕೇಳೋಣ. ಯಾರಿಗೂ ಅನ್ಯಾಯ ಆಗಬಾರದು ನೋಡು."

"ನಿಯಮದಲ್ಲಿ ಹಾಗಿಲ್ಲ," ಎಂದರು ಸಿಲ್ವಾಶಿ. "ನಡಾವಳಿಗೆ ಸಹಿಯಾಗಿದೆ."

"ಹಾಗಾದ್ರೆ ನಿಯಮವನ್ನೇ ನೋಡೋಣ." ಜಾದೋರ್ ನಗುತ್ತಲೇ ಇದ್ದರು. "ಶಾಲೆಯ ಸಿಬ್ಬಂದಿ ಬೇರೆ ಕಡೆ ಕೆಲಸಕ್ಕೆ ಸೇರೋಕೆ ವಿಭಾಗದ ಮುಖ್ಯಸ್ಥರ ಒಪ್ಪಿಗೆ ಪತ್ರ ಬೇಕು. ಮುಖ್ಯಸ್ಥ ನಾನು. ನಾನು ಕೊಟ್ಟಿಲ್ಲ. ವರ್ಷದ ನಡುವೆ ಕೊಡೋಕೂ ಆಗಲ್ಲ. ಹನ್ನೆರಡು ಮಕ್ಕಳ ಪಾಠ ಏನಾಗಬೇಕು?"

ಹನ್ನೆರಡು ಮಕ್ಕಳ ಪಾಠ ಏನಾಗಬೇಕು. ಆ ಪ್ರಶ್ನೆ ಇಷ್ಟು ವರ್ಷ ಅವಳನ್ನು ಕಟ್ಟಿಹಾಕಿದ್ದ ಹಗ್ಗ. ಈಗಲೂ ಅವಳ ಕಾಲು ಒಂದು ಹೆಜ್ಜೆ ಹಿಂದೆ ಸರಿಯಿತು. ನೆಲದ ಮೇಲೆ ಹಿಮ್ಮಡಿ ಟಕ್ ಎಂದಿತು. ಆ ಸದ್ದಿಗೆ ಅವಳಿಗೆ ಎಚ್ಚರವಾಯಿತು.

"ಒಪ್ಪಿಗೆ ಪತ್ರ ನನ್ನ ಹತ್ರ ಇದೆ," ಎಂದಳು.

"ಸುಳ್ಳು!"

"ನಿಮ್ಮ ಸಹಿ ಆಗಿದೆ ಮೇಷ್ಟ್ರೇ. ವಿಷಯ ಮಾತ್ರ ಬರೆದಿಲ್ಲ." ಹಾಳೆಯನ್ನು ಬಿಡಿಸಿ ಮೇಜಿನ ಮೇಲಿಟ್ಟು, ಮಡಿಕೆಗಳನ್ನು ಅಂಗೈಯಿಂದ ತೀಡಿದಳು.

ಏಳು ಮುಖಗಳೂ ಬಾಗಿದವು. ಶಾಲೆಯ ಹೆಸರು. ಅದರ ಕೆಳಗೆ ಬರೀ ಬಿಳುಪು. ಅದರ ಕೆಳಗೆ ಆ ದೊಡ್ಡ ವಕ್ರ ಸಹಿ.

"ಇದೇನಿದು?" ಎಂದ ಬೋಳುತಲೆಯ ತೀರ್ಪುಗಾರ. ಶಾಲೆಯ ಪದವಿ ಪರೀಕ್ಷೆಗೆ ಪ್ರತಿ ವರ್ಷ ಬರುತ್ತಿದ್ದವನು.

"ವರ್ಷಕ್ಕೆ ಇಪ್ಪತ್ತು ಹೀಗೆ ಬರ್ತವೆ ಸ್ವಾಮೀ. ಪರೀಕ್ಷೇಲಿ ನೀವು ಓದೋ ಅಂಕಗಳು, ವರದಿಗಳು, ಎಲ್ಲ ಇಂಥ ಹಾಳೆ ಮೇಲೆ ನಾನು ಬರೆದದ್ದು. ನಿಮ್ಮ ಮುಂದೆ ಮೂರನೇ ನಂಬರಿನ ಲಕೋಟೆಯೊಳಗಿರೋ ಶಿಫಾರಸೂ ನನ್ನದೇ. ಪದಗಳು ನಿನ್ನೆ ರಾತ್ರಿಯವು." ಅವಳು ಜಾದೋರ್ ಕಡೆ ತಿರುಗಿದಳು. "ಇಲ್ಲಿ ಎರಡು ಸಾಲು ಬರೆದುಕೊಂಡಿದ್ರೆ ಯಾರೂ ಕೇಳ್ತಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಂದನ್ನೂ ನನಗೆ ಅಂತ ಬರ್ಕೊಂಡಿಲ್ಲ. ನಾಲ್ಕನೇ ಅಧ್ಯಾಯವನ್ನೂ ನನ್ನದು ಅಂತ ಹೇಳಿಕೊಂಡಿಲ್ಲ. ಹೇಳ್ಕೋಬೇಕಾಗಿತ್ತು. ನೀವೇ ಈಗ ತಂದೆ ಅಂದ್ರಲ್ಲ? ಆ ಮಗುವನ್ನ ಹೆತ್ತ ಬೆರಳು ಇದು." ಎಡಗೈ ಎತ್ತಿ ಸೊಟ್ಟ ಉಂಗುರಬೆರಳನ್ನು ತೋರಿಸಿದಳು.

"ಟೀಚರ್ ಹೇಳ್ತಿರೋದು ನಿಜ," ಎಂದ ವಿದೋರ್ ಹಿಂದಿನಿಂದ. "ಜಾರು ನನಗೆ ಕಲಿಸಿದ್ದೂ ಅವರೇ, ಬಿಡಿಸಿದ್ದೂ ಅವರೇ. ಆ ಶುದ್ಧವಾಗಿ ಕಲಿತ ಹುಡುಗ ನಾನೇ ಮೇಷ್ಟ್ರೇ. ಮೂರು."

ಜಾದೋರ್ ಕೂತರು. ಬೇಸತ್ತ ದನಿಯಲ್ಲಿ, "ನಾಟಕ ಸಾಕು ಎತೆಲ್ಕಾ. ಬರ್ಕೋ. ಎಲ್ಲ ನೀನೇ ಬರೀತಿದ್ಯಲ್ಲ, ಇದನ್ನೂ ಬರ್ಕೋ," ಎಂದು ಹಾಳೆಯನ್ನು ಅವಳತ್ತ ತಳ್ಳಿದರು.

ಅವಳ ಕೈ ತಾನಾಗಿಯೇ ಪೆನ್ನಿನತ್ತ ಹೋಯಿತು. ಅರ್ಧದಲ್ಲಿ ನಿಂತಿತು.

"ಇಲ್ಲ. ಇದನ್ನ ನೀವೇ ಬರೀಬೇಕು. ನಿಮ್ಮ ಕೈಯಲ್ಲಿ."

ನಿರ್ದೇಶಕಿ ಮರುಮಾತಿಲ್ಲದೆ ಪೆನ್ನಿನ ಮುಚ್ಚಳ ತೆಗೆದು ಜಾದೋರ್‌ರ ಮುಂದಿಟ್ಟರು. ಬೋಳುತಲೆಯವನು ಇನ್ನೂ ಆ ಖಾಲಿ ಹಾಳೆಯನ್ನೇ ನೋಡುತ್ತಿದ್ದ; ತಾನು ಓದಿ ಒಪ್ಪಿದ ಅಂಕಪಟ್ಟಿಗಳನ್ನು ಎಣಿಸುತ್ತಿದ್ದಂತಿತ್ತು. ಜಾದೋರ್ ಅವನ ಮುಖ ನೋಡಿದರು, ಪೆನ್ನು ಎತ್ತಿಕೊಂಡರು.

ಎತ್ತಿಕೊಂಡವರು ಹಾಗೇ ಕೂತರು. ಬಿಳಿ ಹಾಳೆಯ ಮೇಲೆ ಪೆನ್ನು ಇಳಿಯಲಿಲ್ಲ. "ಹೇಗೆ… ಮೊದಲು ಏನಂತ ಬರೀತಾರೆ ಇದಕ್ಕೆ?"

"ನಮ್ಮ ವಿಭಾಗದಲ್ಲಿ ಸಹಾಯಕಿಯಾಗಿ…" ಎಂದು ಅವಳ ಬಾಯಿ ಅಭ್ಯಾಸಬಲದಿಂದ ಶುರುಮಾಡಿತು. ತುಟಿ ಕಚ್ಚಿಕೊಂಡಳು.

"ಸಹಾಯಕಿಯಾಗಿ," ಎಂದು ಬರೆದರು ಅವರು. ನಿಂತರು. "ಎಷ್ಟನೇ ಇಸವಿಯಿಂದ?"

ಎತೆಲ್ಕಾ ತೆರೆಯ ಅಂಚನ್ನು ನೋಡುತ್ತ ನಿಂತಳು. ಹೇಳಿಬಿಡಲೇ ಎಂದು ನಾಲಿಗೆ ತುರಿಸುತ್ತಿತ್ತು. ಪಾಪ ಎನಿಸುತ್ತಿತ್ತು. ಹಾಗೆನಿಸಿದ್ದಕ್ಕೆ ಇನ್ನಷ್ಟು ರೋಷವೂ ಬರುತ್ತಿತ್ತು. ಕೊನೆಗೆ ಅವರು 'ಹಲವು ವರ್ಷಗಳಿಂದ' ಎಂದು ಬರೆದು, ಎರಡು ಸಾಲು ಮುಗಿಸಿ, ಹಾಳೆಯನ್ನು ನಿರ್ದೇಶಕಿಯತ್ತ ನೂಕಿದರು. ಆಕೆ ಓದಿ, ನಡಾವಳಿಯ ಜೊತೆ ಸೇರಿಸಿ ಗುಂಡುಸೂಜಿ ಚುಚ್ಚಿದರು. "ಸೋಮವಾರ ಹತ್ತಕ್ಕೆ ತಾಲೀಮು, ಕಲಾವಿದೆಯವರೇ," ಎಂದರು. ಎತೆಲ್ಕಾಳನ್ನು ಹಾಗೆ ಕರೆದವರಲ್ಲಿ ಅವರೇ ಮೊದಲಿಗರು. ಅವಳು ಹಿಂದೆ ಬೇರೆ ಯಾರಾದರೂ ನಿಂತಿದ್ದಾರೇನೋ ಎಂದು ಒಮ್ಮೆ ತಿರುಗಿ ನೋಡಿದಳು.

ಹೊರಗೆ ಪಡಸಾಲೆಯಲ್ಲಿ ವಿದೋರ್ ಅವಳ ಪೆಟ್ಟಿಗೆಯನ್ನು ಎತ್ತಿಕೊಂಡ. ಕಣ್ಣು ಕೆಂಪಾಗಿತ್ತು, ಸೋತದ್ದು ಸೋತದ್ದೇ. "ಅಭಿನಂದನೆ ಟೀಚರ್. ಮಂಗಳವಾರ ಒಂಬತ್ತಕ್ಕೆ ಪಾಠ ಇದೆಯಲ್ಲ?"

"ನನ್ನ ಮನೆಗೆ ಬಾ, ಎಷ್ಟು ದಿನ ಬೇಕಿದ್ರೂ ಹೇಳಿಕೊಡ್ತೀನಿ," ಎಂದಳು. "ಶಾಲೆಯಲ್ಲಿ ಇನ್ನಿಲ್ಲ."

"ಶಾಲೆಗೆ ಹೊಸ ಮಕ್ಕಳು ಬಂದಿದಾರೆ, ಮೂರು ಜನ. ನಾಲ್ಕನೇ ಅಧ್ಯಾಯ ಈ ವಾರ ಶುರು ಆಗಬೇಕಿತ್ತು. ಅವರಿಗೆ ಯಾರು…"

ಬಾಗಿಲು ತೆರೆದು ಜಾದೋರ್ ಹೊರಗೆ ಬಂದರು. ಮೇಲಂಗಿಯ ಗುಂಡಿಗಳನ್ನು ತಪ್ಪಾಗಿ ಹಾಕಿಕೊಂಡಿದ್ದರು. ಹತ್ತೊಂಬತ್ತು ವರ್ಷಗಳ ರೂಢಿಯಂತೆ ಅವಳ ಕೈ ಅದನ್ನು ಸರಿಪಡಿಸಲು ಮುಂದಾಯಿತು. ಆ ಕೈಯನ್ನು ಅವಳು ಜೇಬಿನೊಳಗೆ ಇಟ್ಟುಕೊಂಡಳು.

"ಪುಸ್ತಕದ ಮೇಲೆ ಹೆಸರು ಯಾರದಿದೆಯೋ ಅವರೇ ಕಲಿಸಲಿ," ಎಂದಳು, ಅವರಿಗೂ ಕೇಳುವಷ್ಟು ಗಟ್ಟಿಯಾಗಿ. ವಿದೋರ್‌ನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು, ಮೆಟ್ಟಿಲಿಳಿದು ಟ್ರಾಮಿನ ಕಡೆ ನಡೆದಳು. ಅವಳ ಹಿಮ್ಮಡಿಯ ಸದ್ದು ಬಾಗಿಲಾಚೆಯವರೆಗೂ ಕೇಳುತ್ತಿತ್ತು.